ಹಲ್ಲು ಮತ್ತೆ ಬೆಳೆಯುತ್ತಂತೆ! ಹಾಗಾದರೆ ಇಂಪ್ಲಾಂಟ್ ಹಾಕಿಸುವುದೋ, ಕಾಯುವುದೋ?

"ಜಪಾನಿನಲ್ಲಿ ಹಲ್ಲು ಬೆಳೆಸುವ ಔಷಧಿ ರೆಡಿ, 2030ಕ್ಕೆ ಮಾರುಕಟ್ಟೆಗೆ, ಇನ್ನು ಇಂಪ್ಲಾಂಟ್ ಬೇಕಿಲ್ಲ." ಈ ಸುದ್ದಿ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇದೆ. (ಇಂಪ್ಲಾಂಟ್ ಎಂದರೆ ಕೃತಕ ಹಲ್ಲು ಕೂರಿಸಲು, ಹೋದ ಹಲ್ಲಿನ ಬೇರಿನ ಜಾಗದಲ್ಲಿ ದವಡೆ ಮೂಳೆಗೆ ಹಾಕುವ ಲೋಹದ ತಿರುಪು.) ಕೆಲವು ತಿಂಗಳು ತಣ್ಣಗಾಗುತ್ತದೆ, ಮತ್ತೆ ಹೊಸ ಫೋಟೋ ಹಾಕಿಕೊಂಡು ಬರುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಇದು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸುತ್ತದೆ. ಏಕೆಂದರೆ ಇಲ್ಲಿ ಹಲ್ಲಿನ ಚಿಕಿತ್ಸೆ ಕೈಗೆಟಕುವ ದೂರದಲ್ಲಿದೆ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜಿದೆ. ಅದೇ ಸಂಸ್ಥೆಯ ಇನ್ನೊಂದು ಕಾಲೇಜು ಮಂಗಳೂರಿನಲ್ಲಿ 1987ರಲ್ಲಿ ಶುರುವಾಯಿತು. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ., ಆಚೆ ಸುಳ್ಯದಲ್ಲಿ ಕೆವಿಜಿ. ಇವುಗಳ ಜೊತೆಗೆ ಪೇಟೆಯ ಬೀದಿ ಬೀದಿಯಲ್ಲಿ ಖಾಸಗಿ ಕ್ಲಿನಿಕ್ಕುಗಳು.

ಹೀಗಾಗಿ ದವಡೆ ಹಲ್ಲು ಕೀಳಿಸಿಕೊಂಡವರ ಮುಂದೆ ಎರಡು ಮಾತುಗಳಿವೆ. ಡಾಕ್ಟರು "ಇಂಪ್ಲಾಂಟ್ ಹಾಕಿಸಿ, ತಡ ಮಾಡಬೇಡಿ" ಎನ್ನುತ್ತಾರೆ. ಮೊಬೈಲು "ಸುಮ್ನೆ ದುಡ್ಡು ಹಾಳು ಮಾಡಬೇಡಿ, ಔಷಧಿ ಬರುತ್ತಿದೆ" ಎನ್ನುತ್ತದೆ. ಯಾವುದನ್ನು ನಂಬುವುದು? ಈ ಗೊಂದಲಕ್ಕೆ ಮುಖ್ಯ ಕಾರಣ, ಬೇರೆ ಬೇರೆ ರೋಗಿಗಳಿಗಾಗಿ ಇರುವ ಎರಡು ಚಿಕಿತ್ಸೆಗಳನ್ನು ಸುದ್ದಿಯು ಎದುರಾಳಿಗಳಂತೆ ನಿಲ್ಲಿಸಿರುವುದು.

ಜಪಾನಿನಲ್ಲಿ ನಿಜವಾಗಿ ಆಗಿದ್ದೇನು

ನಮ್ಮ ದೇಹದಲ್ಲಿ ಯುಸಾಗ್-1 ಎಂಬ ಪ್ರೋಟೀನ್ ಇದೆ. ಹಲ್ಲಿನ ಮೊಳಕೆ ಬೆಳೆಯಬೇಕೆಂದು ಜೀವಕೋಶಗಳ ನಡುವೆ ಹೋಗುವ ಸಂದೇಶಕ್ಕೆ ಇದು ತಡೆ ಹಾಕುತ್ತದೆ. ಈ ಪ್ರೋಟೀನ್ ಇಲ್ಲದೆ ಹುಟ್ಟಿದ ಇಲಿಗಳಿಗೆ ಹೆಚ್ಚುವರಿ ಹಲ್ಲು ಬಂದದ್ದನ್ನು ವಿಜ್ಞಾನಿಗಳು ಗಮನಿಸಿದರು. ಹಾಗಾದರೆ ತಡೆಯನ್ನೇ ತಡೆದರೆ ಹಲ್ಲು ಬಂದೀತಲ್ವಾ ಎಂಬುದು ಅವರ ಲೆಕ್ಕ. ಜಪಾನಿನ ಸಂಶೋಧಕ ಕತ್ಸು ತಕಾಹಾಶಿ ಅವರ ತಂಡ ಈ ಪ್ರೋಟೀನನ್ನು ಕಟ್ಟಿಹಾಕುವ ಒಂದು ಪ್ರತಿಕಾಯವನ್ನು (ಆಂಟಿಬಾಡಿ) ತಯಾರಿಸಿತು. ಇಲಿಗಳಲ್ಲಿ ಮತ್ತು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯಲ್ಲಿ ಅದು ಕೆಲಸ ಮಾಡಿತು. ಆ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಫೆರೆಟ್‌ಗೂ ನಮ್ಮಂತೆ ಹಾಲು ಹಲ್ಲು ಬಿದ್ದು ಶಾಶ್ವತ ಹಲ್ಲು ಬರುತ್ತದೆ. ಅದಕ್ಕೇ ಅದನ್ನು ಆರಿಸಿಕೊಂಡಿದ್ದರು.

2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಶುರುವಾಯಿತು. 30ರಿಂದ 64 ವರ್ಷದೊಳಗಿನ, ಕನಿಷ್ಠ ಒಂದು ದವಡೆ ಹಲ್ಲು ಇಲ್ಲದ 30 ಗಂಡಸರಿಗೆ ರಕ್ತನಾಳದ ಮೂಲಕ ಔಷಧಿ ಕೊಡುವ ಯೋಜನೆ ಅದು. ಸುದ್ದಿ ದಾರಿ ತಪ್ಪಿದ್ದು ಇಲ್ಲೇ. ಮೊದಲ ಹಂತದ ಪರೀಕ್ಷೆ ಕೇಳುವುದು "ಹಲ್ಲು ಬಂತಾ?" ಎಂದಲ್ಲ. "ಈ ಔಷಧಿಯಿಂದ ದೇಹಕ್ಕೆ ತೊಂದರೆ ಆಯಿತಾ? ಎಷ್ಟು ಪ್ರಮಾಣ ಸುರಕ್ಷಿತ?" ಎಂದು. 2030 ಎಂಬುದು ಸಂಶೋಧಕರು ಇಟ್ಟುಕೊಂಡ ಗುರಿ. ಎಲ್ಲ ಹಂತಗಳೂ ಸಲೀಸಾಗಿ ದಾಟಿದರೆ ಮಾತ್ರ ಅದು ಸಾಧ್ಯ. ನಮ್ಮ ಊರಿನ ಮೆಡಿಕಲ್ ಶಾಪಿಗೆ ಬರುವ ತಾರೀಖು ಎಂದು ಅದನ್ನು ಓದಿಕೊಂಡರೆ ಕಷ್ಟ.

ಇದರ ಜೊತೆಗೆ ಇನ್ನೆರಡು ಸುದ್ದಿಗಳೂ ಕಲಸಿಕೊಂಡಿವೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2025ರಲ್ಲಿ ಪ್ರಯೋಗಾಲಯದಲ್ಲಿ ಹಲ್ಲಿನ ಕೋಶಗಳನ್ನು ಬೆಳೆಸಲು ನೆರವಾಗುವ ವಸ್ತುವೊಂದನ್ನು ತಯಾರಿಸಿದರು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಮನುಷ್ಯರ ಮತ್ತು ಹಂದಿಯ ಹಲ್ಲಿನ ಕೋಶಗಳನ್ನು ಸೇರಿಸಿ ಹಂದಿಯ ದವಡೆಯಲ್ಲಿ ಹಲ್ಲಿನಂಥ ರಚನೆ ಬೆಳೆಸಿದರು. ಈ ಮೂರೂ ಬೇರೆ ಬೇರೆ ದಾರಿಗಳು. ರೀಲ್ಸ್‌ನಲ್ಲಿ ಮಾತ್ರ ಮೂರೂ ಸೇರಿ ಒಂದೇ ಔಷಧಿಯಾಗಿದೆ.

ಔಷಧಿ ಮೊದಲು ಯಾರಿಗೆ?

ಇಡೀ ಚರ್ಚೆಯಲ್ಲಿ ಕೈತಪ್ಪಿ ಹೋಗಿರುವ ಪ್ರಶ್ನೆ ಇದೇ. ಜಪಾನಿನ ತಂಡದ ಮುಂದಿನ ಗುರಿ 2ರಿಂದ 7 ವರ್ಷದ ಮಕ್ಕಳು. ಅದೂ ಹುಟ್ಟಿನಿಂದಲೇ ಹಲವು ಶಾಶ್ವತ ಹಲ್ಲುಗಳ ಮೊಳಕೆ ಬೆಳೆಯದೇ ಉಳಿದ ಮಕ್ಕಳು. ಆರು ಅಥವಾ ಅದಕ್ಕಿಂತ ಹೆಚ್ಚು ಹಲ್ಲು ಹುಟ್ಟಿನಿಂದ ಇಲ್ಲದವರು ಸುಮಾರು ಸಾವಿರಕ್ಕೆ ಒಬ್ಬರು ಸಿಗಬಹುದು.

ಈ ಮಕ್ಕಳಿಗೆ ಇಂಪ್ಲಾಂಟ್ ಯಾಕೆ ಹಾಕುವುದಿಲ್ಲ? ದವಡೆ ಬೆಳೆಯುತ್ತಿರುವಾಗ ಸಹಜ ಹಲ್ಲು ಮೂಳೆಯ ಜೊತೆಗೇ ಮೇಲೆ ಬರುತ್ತದೆ. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಂಡಿರುವುದರಿಂದ ಇದ್ದಲ್ಲೇ ಉಳಿಯುತ್ತದೆ. ಎಂಟು ವರ್ಷಕ್ಕೆ ಹಾಕಿದ ಇಂಪ್ಲಾಂಟ್ ಹದಿನೆಂಟಕ್ಕೆ ಪಕ್ಕದ ಹಲ್ಲುಗಳಿಗಿಂತ ಕೆಳಗೆ, ಹೂತುಹೋದ ಹಾಗೆ ಕಾಣುತ್ತದೆ. ಅದಕ್ಕೇ ಸಾಮಾನ್ಯವಾಗಿ ದವಡೆಯ ಬೆಳವಣಿಗೆ ಮುಗಿಯುವವರೆಗೆ ಕಾಯುತ್ತಾರೆ. ಅಲ್ಲಿಯವರೆಗೆ ಆ ಮಕ್ಕಳಿಗೆ ತೆಗೆದು ಹಾಕುವ ಸೆಟ್ ಹಲ್ಲೇ ಗತಿ. ಬೆಳೆದಂತೆ ಅದನ್ನೂ ಬದಲಿಸುತ್ತಾ ಇರಬೇಕು.

ಅಂದರೆ ಇಂಪ್ಲಾಂಟ್ ಕೈಚೆಲ್ಲುವ ಜಾಗದಲ್ಲೇ ಈ ಔಷಧಿ ಕೆಲಸ ಶುರು ಮಾಡಲು ಹೊರಟಿದೆ. ಹುಳುಕಿನಿಂದಲೋ ವಸಡಿನ ಕಾಯಿಲೆಯಿಂದಲೋ 55ನೇ ವಯಸ್ಸಿನಲ್ಲಿ ಹಲ್ಲು ಕಳೆದುಕೊಂಡವರ ಕಥೆ ಬೇರೆ. ಅವರ ದವಡೆಯಲ್ಲೂ ಮೂರನೇ ಸರದಿಯ ಹಲ್ಲಿನ ಮೊಳಕೆ ಸುಪ್ತವಾಗಿ ಇರಬಹುದು, ಅದನ್ನು ಎಬ್ಬಿಸಬಹುದು ಎಂಬುದು ಸಂಶೋಧಕರ ಆಶಯ. ಅದು ಸಾಬೀತಾಗಬೇಕಿದೆ.

ಸಾಬೀತಾಯಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಸಮಯದ ಲೆಕ್ಕವೊಂದಿದೆ. ಮನುಷ್ಯನ ಮೊದಲ ಶಾಶ್ವತ ದವಡೆ ಹಲ್ಲು ಗಟ್ಟಿಯಾಗಲು ಶುರುವಾಗುವುದು ಹುಟ್ಟುವ ಹೊತ್ತಿಗೆ. ಅದು ಬಾಯಲ್ಲಿ ಕಾಣಿಸುವುದು ಸುಮಾರು ಆರನೇ ವರ್ಷಕ್ಕೆ. ಬೇರು ಪೂರ್ತಿಯಾಗುವುದು ಒಂಬತ್ತು, ಹತ್ತರ ಹೊತ್ತಿಗೆ. ಔಷಧಿ ಕೊಟ್ಟರೂ ಹಲ್ಲು ರಾತ್ರೋರಾತ್ರಿ ಬರುವ ವಸ್ತುವಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಆಕಾರದಲ್ಲಿ ಬರುತ್ತದೋ ಎಂಬುದೂ ದೊಡ್ಡ ಪ್ರಶ್ನೆ.

ಕಾಯುವಾಗ ಬಾಯೊಳಗೆ ಏನಾಗುತ್ತದೆ

"ಸರಿ, ಐದು ವರ್ಷ ಕಾದರೆ ಏನು ನಷ್ಟ?" ಎಂದು ಕೇಳಬಹುದು. ನಷ್ಟವಾಗುವುದು ಮೂಳೆ.

ಹಲ್ಲನ್ನು ಹಿಡಿದುಕೊಂಡಿರುವ ದವಡೆ ಮೂಳೆ ಇರುವುದೇ ಹಲ್ಲಿಗಾಗಿ. ಹಲ್ಲು ಹೋದ ಮೇಲೆ ದೇಹ ಆ ಮೂಳೆಯನ್ನು ಮೆಲ್ಲಗೆ ಕರಗಿಸುತ್ತದೆ. ದವಡೆ ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ಹೆಚ್ಚಿನ ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಪಕ್ಕದ ಹಲ್ಲು ಖಾಲಿ ಜಾಗದತ್ತ ವಾಲುತ್ತದೆ. ಎದುರಿನ ಹಲ್ಲು ತಡೆಯಿಲ್ಲದೆ ಕೆಳಗೋ ಮೇಲಕ್ಕೋ ಜಾರುತ್ತದೆ. ವಾಲಿದ ಹಲ್ಲುಗಳ ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು ಹುಳುಕು ಹಿಡಿಯುತ್ತದೆ.

ವರ್ಷಗಳ ನಂತರ ಇಂಪ್ಲಾಂಟ್ ಬೇಕು ಎಂದು ಹೋದರೆ ಡಾಕ್ಟರು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ನೋಡಿ "ಮೂಳೆ ಸಾಲದು" ಎನ್ನುವುದು ಇದಕ್ಕೇ. ಆಗ ಮೂಳೆ ಕಸಿ ಮಾಡಬೇಕು. ಮೇಲಿನ ದವಡೆಯ ಹಿಂಭಾಗವಾದರೆ ಅದರ ಮೇಲಿರುವ ಸೈನಸ್ ಎಂಬ ಗಾಳಿ ತುಂಬಿದ ಪೊಳ್ಳಿನ ಪೊರೆಯನ್ನು ಎತ್ತಿ ಜಾಗ ಮಾಡಬೇಕಾದೀತು. ಖರ್ಚೂ ಏರುತ್ತದೆ, ತಿಂಗಳುಗಳೂ ಏರುತ್ತವೆ. ಮುಂದೆ ಹಲ್ಲು ಬೆಳೆಸುವ ಔಷಧಿ ನಿಜವಾಗಿಯೂ ಬಂತು ಎಂದುಕೊಳ್ಳಿ. ಬೆಳೆದ ಹಲ್ಲಿಗೆ ನಿಲ್ಲಲು ಜಾಗ ಬೇಕಲ್ವಾ? ವಾಲಿದ ಹಲ್ಲುಗಳ ನಡುವಿನ ಇಕ್ಕಟ್ಟಿನಲ್ಲಿ ಅದು ಎಲ್ಲಿಂದ ಏಳಬೇಕು?

ಕಾಯುವವರ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನೂ ಹೇಳಬೇಕು. ಇಂಪ್ಲಾಂಟ್ ಕೂತ ಜಾಗದಲ್ಲಿ ಮುಂದೆ ಸಹಜ ಹಲ್ಲು ಏಳಲಾರದು, ಬಾಗಿಲು ಮುಚ್ಚಿದಂತೆಯೇ. 22ರ ಹರೆಯದವರ ವಿಷಯದಲ್ಲಿ ಈ ಮಾತಿಗೆ ತೂಕವಿದೆ. ಅವರು ಸದ್ಯಕ್ಕೆ ಪಕ್ಕದ ಹಲ್ಲನ್ನು ಹೆಚ್ಚು ಅರೆದು ಸಣ್ಣ ಮಾಡದೆ ಅಂಟಿಸುವಂಥ ಬ್ರಿಡ್ಜ್ (ಪಕ್ಕದ ಹಲ್ಲಿಗೆ ಆನಿಸಿ ನಿಲ್ಲಿಸುವ ಕೃತಕ ಹಲ್ಲು) ಹಾಕಿಸಿ ಜಾಗ ಉಳಿಸಿಕೊಳ್ಳುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬಹುದು. 60 ದಾಟಿದವರಿಗೆ ಈ ವಾದ ಹೆಚ್ಚು ಒಪ್ಪುವುದಿಲ್ಲ.

ತಿರುಪು ಮೂಳೆಗೆ ಅಂಟಿದ್ದು ಹೇಗೆ

ಇಂಪ್ಲಾಂಟ್ ಎಂದರೆ ಬರೀ ಕೃತಕ ಹಲ್ಲು ಎಂದುಕೊಂಡವರಿದ್ದಾರೆ. ಇಂಪ್ಲಾಂಟ್ ಎನ್ನುವುದು ಬೇರಿನ ಜಾಗಕ್ಕೆ ಹಾಕುವ ಟೈಟಾನಿಯಂ ತಿರುಪು. ಅದರ ಮೇಲೆ ಅಬಟ್‌ಮೆಂಟ್ ಎಂಬ ಜೋಡಣೆ, ಅದರ ಮೇಲೆ ಕ್ಯಾಪ್. ಮೂರೂ ಸೇರಿದರೆ ಒಂದು ಹಲ್ಲು.

1952ರಲ್ಲಿ ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಸಾಧನವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಲೋಹಕ್ಕೆ ಬೆಸೆದುಕೊಂಡಿತ್ತು. ಹಲ್ಲಿಗೆ ಸಂಬಂಧವೇ ಇಲ್ಲದ ಆ ಪ್ರಯೋಗದಿಂದ ಇಂದಿನ ಇಂಪ್ಲಾಂಟ್ ಹುಟ್ಟಿತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬುವರಿಗೆ ಮೊದಲ ಬಾರಿ ಹಾಕಿದರು. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟುಗಳು ಕೆಲಸ ಮಾಡುತ್ತಿದ್ದವು. ಇವತ್ತು ಹಾಕುವ ಇಂಪ್ಲಾಂಟುಗಳಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ 90ಕ್ಕಿಂತ ಹೆಚ್ಚು ಉಳಿದಿರುತ್ತವೆ. ಒಂದು ಕಡೆ ಮೊದಲ ಹಂತದ ಪರೀಕ್ಷೆ, ಇನ್ನೊಂದು ಕಡೆ ಅರ್ಧ ಶತಮಾನ ದಾಟಿದ ಅನುಭವ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಹಾಗೆಂದು ಇಂಪ್ಲಾಂಟ್ ಸಹಜ ಹಲ್ಲಿಗೆ ಸಮ ಎನ್ನುವ ಜಾಹೀರಾತು ಪೂರ್ತಿ ನಿಜವಲ್ಲ. ನಮ್ಮ ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ತೆಳುವಾದ ನಾರಿನ ಪದರವಿದೆ. ಬೈಕಿನ ಶಾಕ್ ಅಬ್ಸಾರ್ಬರ್ ಹಾಗೆ ಅದು ಅಗಿಯುವ ಹೊಡೆತವನ್ನು ತಡೆದುಕೊಳ್ಳುತ್ತದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೆ ತಟ್ಟನೆ ಗೊತ್ತಾಗುವುದೂ ಅದರಿಂದಲೇ. ಇಂಪ್ಲಾಂಟಿಗೆ ಈ ಪದರವಿಲ್ಲ. ಹೊಡೆತ ನೇರ ಮೂಳೆಗೆ ಹೋಗುತ್ತದೆ. ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಸುತ್ತಲಿನ ವಸಡಿಗೆ ಸೋಂಕು ತಗುಲಿ ಮೂಳೆ ಕರಗಬಹುದು. ವಸಡಿನ ಕಾಯಿಲೆಯಿಂದಲೇ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಹೆಚ್ಚು. ಬ್ರಷ್ ಮಾಡುವ ಅಭ್ಯಾಸ ಬದಲಾಗದಿದ್ದರೆ ಹಲ್ಲಿಗೆ ಬಂದ ಗತಿಯೇ ತಿರುಪಿಗೂ ಬಂದೀತು.

"ಮೂರು ದಿನದಲ್ಲಿ ಫಿಕ್ಸ್ ಹಲ್ಲು" ವಿವಾದ

ಸಾಮಾನ್ಯ ಪದ್ಧತಿಯಲ್ಲಿ ತಿರುಪು ಕೂರಿಸಿ, ಅದು ಮೂಳೆಗೆ ಬೆಸೆಯಲು ಮೂರರಿಂದ ಆರು ತಿಂಗಳು ಬಿಟ್ಟು, ಆಮೇಲೆ ಕ್ಯಾಪ್ ಹಾಕುತ್ತಾರೆ. ಗಲ್ಫಿನಿಂದ ಒಂದು ತಿಂಗಳ ರಜೆಗೆ ಬರುವವರು ತುಂಬಿರುವ ಊರು ನಮ್ಮದು. ಇಷ್ಟು ಪುರುಸೊತ್ತು ಎಲ್ಲಿದೆ? ಮೂರು ದಿನ, ಐದು ದಿನ ಎಂಬ ಜಾಹೀರಾತುಗಳು ಹಿಡಿಸುವುದು ಇದಕ್ಕೇ.

ಇದರಲ್ಲಿ ಎರಡು ಬಗೆ ಇದೆ, ಜಾಹೀರಾತು ಬಿಡಿಸಿ ಹೇಳುವುದಿಲ್ಲ. ಮೊದಲನೆಯದು ಸಾಮಾನ್ಯ ಇಂಪ್ಲಾಂಟ್ ಹಾಕಿ, ಅದು ಬಿಗಿಯಾಗಿ ಕೂತಿದ್ದರೆ ತಕ್ಷಣ ತಾತ್ಕಾಲಿಕ ಹಲ್ಲು ಜೋಡಿಸುವುದು. ಒಂದು ದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿ ಇಡೀ ಸಾಲು ಹಲ್ಲು ಕೂರಿಸುವ ವಿಧಾನ ಈ ಜಾತಿಯದು. ಸರಿಯಾದ ರೋಗಿಯಲ್ಲಿ ಇದಕ್ಕೆ ಒಳ್ಳೆಯ ಆಧಾರವಿದೆ. ಎರಡನೆಯದು ಬೇಸಲ್ ಇಂಪ್ಲಾಂಟ್. ಮೇಲಿನ ಮೆತ್ತಗಿನ ಮೂಳೆ ಬಿಟ್ಟು ಆಳದ ಗಟ್ಟಿ ಮೂಳೆಯಲ್ಲಿ ಉದ್ದದ ತಿರುಪುಗಳನ್ನು ನೆಟ್ಟು, ಕೆಲವೇ ದಿನದಲ್ಲಿ ಹಲ್ಲು ಜೋಡಿಸುತ್ತಾರೆ. ಮೂಳೆ ತೀರಾ ಕರಗಿದವರಿಗೆ ಕಸಿಯಿಲ್ಲದೆ ಹಲ್ಲು ಸಿಗುತ್ತದೆ ಎಂದು ಇದರ ಬೆಂಬಲಿಗರು ಹೇಳುತ್ತಾರೆ. ದೀರ್ಘಕಾಲದ ಪುರಾವೆ ಸಾಲದು, ಸೋತರೆ ಸರಿಪಡಿಸುವುದು ಕಷ್ಟ ಎಂಬುದು ವಿರೋಧಿಸುವವರ ಮಾತು. ಈ ಎರಡನೇ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದೇ ಹಲ್ಲು ಹೋದವರಿಗೆ ಅವಸರದ ಅಗತ್ಯವೇ ಕಡಿಮೆ. ಒಂದು ರಜೆಯಲ್ಲಿ ತಿರುಪು, ಮುಂದಿನ ರಜೆಯಲ್ಲಿ ಕ್ಯಾಪ್. ಅಷ್ಟೇ.

ದುಡ್ಡಿನ ಮಾತು

ಒಂದು ಇಂಪ್ಲಾಂಟಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿ, ಕೆಲವೊಮ್ಮೆ ಅದಕ್ಕೂ ಮೇಲೆ. ವ್ಯತ್ಯಾಸ ಬರುವುದು ಕಂಪನಿ, ಕ್ಯಾಪಿನ ವಸ್ತು ಮತ್ತು ಮೂಳೆಯ ಸ್ಥಿತಿಯಿಂದ. ಹೇಳಿದ ರೇಟಿನಲ್ಲಿ ಕ್ಯಾಪ್ ಸೇರಿದೆಯೋ ಇಲ್ಲವೋ ಎಂದು ಕೇಳಿಕೊಳ್ಳದವರು ನಂತರ ಬೇಸರ ಪಡುತ್ತಾರೆ. ಕಾಲೇಜುಗಳ ವಿಭಾಗಗಳಲ್ಲಿ ದರ ಸಾಮಾನ್ಯವಾಗಿ ಕಡಿಮೆ. ಬದಲಿಗೆ ಹೆಚ್ಚು ಸಲ ಓಡಾಡಬೇಕು, ಹೆಚ್ಚು ಹೊತ್ತು ಕೂರಬೇಕು.

ವಿಮೆಯ ಸುದ್ದಿಗಳೂ ಗೊಂದಲ ಹೆಚ್ಚಿಸಿವೆ. 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಇದನ್ನು ಓದಿದವರು "ಹಾಗಾದರೆ ಹಲ್ಲೂ ಉಚಿತ" ಎಂದುಕೊಂಡರೆ ತಪ್ಪಲ್ಲ, ಆದರೆ ಹಾಗಿಲ್ಲ. ಆಯುಷ್ಮಾನ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಾಗಿ ಇದೆ. ಖಾಸಗಿ ವಿಮೆಗಳು ಅಪಘಾತದ ಗಾಯವಿದ್ದರೆ ಹೊರತು ಸಾಮಾನ್ಯವಾಗಿ ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಕಂತು ಅಗ್ಗವಾದ ಮಾತ್ರಕ್ಕೆ ಪಾಲಿಸಿಯ ಒಳಗಿನ ಪಟ್ಟಿ ಉದ್ದವಾಗುವುದಿಲ್ಲ.

ಕರ್ನಾಟಕದ ದಂತ ಭಾಗ್ಯ ಯೋಜನೆಯ ಬಗ್ಗೆ ಜಾಸ್ತಿ ಜನರಿಗೆ ಗೊತ್ತಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ಯೋಜನೆ ಅದು. ದಂತಪಂಕ್ತಿ ಎಂದರೆ ತೆಗೆದು ಹಾಕುವ ಸೆಟ್, ಇಂಪ್ಲಾಂಟ್ ಅಲ್ಲ. ಆದರೂ ಕುಚ್ಚಲಕ್ಕಿ ಗಂಜಿ, ನುಣ್ಣಗೆ ಬೇಯಿಸಿದ ತರಕಾರಿಯಲ್ಲೇ ದಿನ ದೂಡುವ ಹಿರಿಯರಿಗೆ ಅದು ಸಣ್ಣ ವಿಷಯವಲ್ಲ.

ಸೆಟ್ ಮತ್ತು ಇಂಪ್ಲಾಂಟಿನ ನಡುವೆ ಒಂದು ಮಧ್ಯದ ದಾರಿಯೂ ಇದೆ. ಹಲ್ಲೇ ಇಲ್ಲದ ಕೆಳದವಡೆಯಲ್ಲಿ ಸೆಟ್ ನಿಲ್ಲುವುದು ಕಷ್ಟ, ನಾಲಿಗೆ ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ. ಮುಂಭಾಗದಲ್ಲಿ ಬರೀ ಎರಡು ಇಂಪ್ಲಾಂಟ್ ಹಾಕಿ, ಸೆಟ್ಟನ್ನು ಗುಂಡಿಯ ಹಾಗೆ ಅದಕ್ಕೆ ಸಿಕ್ಕಿಸಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕು ಎಂದಿದ್ದರು. ಇಡೀ ದವಡೆಗೆ ಲಕ್ಷಗಟ್ಟಲೆ ಸುರಿಯಲು ಆಗದವರು ಈ ಹೆಸರನ್ನೇ ಹಿಡಿದು ಕೇಳಬಹುದು: ಓವರ್‌ಡೆಂಚರ್.

ಹೋದ ಪ್ರತಿ ಹಲ್ಲಿಗೂ ಬದಲಿ ಬೇಕೇ ಬೇಕು ಎಂದೇನೂ ಇಲ್ಲ. ಬುದ್ಧಿ ಹಲ್ಲು ಕಿತ್ತ ಜಾಗಕ್ಕೆ ಯಾರೂ ಏನೂ ಹಾಕುವುದಿಲ್ಲ. ಬಾಯಲ್ಲಿ ಒಳ್ಳೆಯ 20 ಹಲ್ಲು ಸರಿಯಾಗಿ ಎದುರುಬದುರು ಇದ್ದರೆ ಬಹುಪಾಲು ಜನರಿಗೆ ಅಗಿಯಲು ಸಾಕು. ಇದೇ ಜಪಾನ್ 1989ರಿಂದ "80ನೇ ವಯಸ್ಸಿಗೆ 20 ಹಲ್ಲು" ಎಂಬ ಅಭಿಯಾನ ನಡೆಸುತ್ತಿದೆ. 2016ರ ಸಮೀಕ್ಷೆಯ ಹೊತ್ತಿಗೆ ಅಲ್ಲಿ ಆ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಈ ಸುದ್ದಿ ಮಾತ್ರ ಯಾವ ಗ್ರೂಪಿಗೂ ಬರಲಿಲ್ಲ ನೋಡಿ.

ಕರಾವಳಿಯದೇ ಒಂದು ತೊಡಕು

ಅಡಿಕೆ ನಮ್ಮ ಜಿಲ್ಲೆಗಳ ಅನ್ನ. ಎಲೆಅಡಿಕೆ ಮನೆಗೆ ಬಂದವರಿಗೆ ಕೊಡುವ ಮರ್ಯಾದೆ. ಆದರೆ ವರ್ಷಾನುಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗಬಹುದು. ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿ ಬರಬಹುದು. ಅಂಥ ಬಾಯಿಯ ಹಿಂಭಾಗಕ್ಕೆ ಡ್ರಿಲ್ ಹೋಗುವುದೇ ಇಲ್ಲ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ ಕೂಡ. ಹೀಗಾಗಿ ಇವರಿಗೆ ಇಂಪ್ಲಾಂಟಿಗಿಂತ ಮೊದಲು ಬಾಯಿಯ ತಪಾಸಣೆ ಆಗಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಂಭವ ಹೆಚ್ಚು. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯೂ ಗಾಯ ಮಾಯಲು ಬಿಡುವುದಿಲ್ಲ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ನೋ ವಾರಕ್ಕೊಂದು ಮಾತ್ರೆಯೋ ತೆಗೆದುಕೊಳ್ಳುವ ಹೆಂಗಸರು ಅದನ್ನು ಹಲ್ಲಿನ ಡಾಕ್ಟರಿಗೆ ಮರೆಯದೆ ಹೇಳಬೇಕು. ಅಂಥ ಕೆಲವು ಔಷಧಿಗಳಿದ್ದಾಗ ದವಡೆ ಮೂಳೆ ಗಾಯದ ನಂತರ ಕೊಳೆಯುವ ಅಪಾಯವಿದೆ.

ಯಾರ ಹತ್ತಿರ ಹಾಕಿಸುವುದು ಎಂಬ ಪ್ರಶ್ನೆಗೂ ಸರಳ ಉತ್ತರವಿಲ್ಲ. ಇಂಪ್ಲಾಂಟಿಗೆಂದೇ ಪ್ರತ್ಯೇಕ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ವಿಭಾಗ ನಮ್ಮಲ್ಲಿಲ್ಲ. ಕೃತಕ ದಂತ ತಜ್ಞರು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು, ವಸಡು ತಜ್ಞರು ಮೂವರೂ ಹಾಕುತ್ತಾರೆ. ಇಂಪ್ಲಾಂಟ್ ಕೋರ್ಸ್ ಮಾಡಿದ ಬಿಡಿಎಸ್ (ದಂತ ವೈದ್ಯಕೀಯದ ಮೊದಲ ಪದವಿ) ಡಾಕ್ಟರುಗಳೂ ಹಾಕುತ್ತಾರೆ. ಬೋರ್ಡಿನ ಮೇಲಿನ "ಇಂಪ್ಲಾಂಟಾಲಜಿಸ್ಟ್" ಎಂಬ ಪದ ನೋಡಿ ನಿರ್ಧರಿಸುವುದಕ್ಕಿಂತ, ಸೋತರೆ ಯಾರು ಸರಿಪಡಿಸುತ್ತಾರೆ, ಅದಕ್ಕೆ ಮತ್ತೆ ದುಡ್ಡು ಕೊಡಬೇಕಾ, ವರ್ಷಕ್ಕೆ ಎಷ್ಟು ಸಲ ತಪಾಸಣೆಗೆ ಬರಬೇಕು ಎಂದು ಮೊದಲೇ ಕೇಳುವುದು ಮೇಲು. ಪ್ರತಿ ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಬರುತ್ತದೆ. ಅದರ ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡು ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಹತ್ತು ವರ್ಷದ ನಂತರ ಒಳಗಿನ ಸಣ್ಣ ಸ್ಕ್ರೂ ಸಡಿಲವಾದರೆ, ಆಗ ದುಬೈಯಲ್ಲಿದ್ದರೂ ಮುಂಬೈಯಲ್ಲಿದ್ದರೂ, ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.